ತೆಳುಗೆರೆ, ದಪ್ಪಗೆರೆ

ಮದುವೆಯ ಕರೆಯೋಲೆ ಮನೆಗೆ ಬಂದಾಗ ನಾವು ಹೆಂಗಸರು ಮೊದಲು ನೋಡುವುದು ಹುಡುಗಿಯ ಹೆಸರನ್ನು; ಆಮೇಲೆ ಹುಡುಗನ ಮನೆ ಯಾವುದು, ಮುಹೂರ್ತ ಎಷ್ಟು ಗಂಟೆಗೆ, ಹಾಲ್ ಎಲ್ಲಿ, ಊಟದ ಹೊತ್ತಿಗಾದರೂ ತಲುಪಬೇಕಾದರೆ ಯಾವ ಬಸ್ಸು ಹಿಡಿಯಬೇಕು ಎಂಬುದನ್ನು. ಅಚ್ಚಾದ ಅಕ್ಷರ ಹೇಗಿದೆ ಎಂದು ನೋಡುವವರು ನೂರಕ್ಕೊಬ್ಬರು ಇದ್ದಾರೋ ಇಲ್ಲವೋ. ಇನ್ನೊಮ್ಮೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಓಲೆ ಬಂದರೆ ಎರಡು ಮಗ್ಗುಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಂಗ್ಲಿಷಿನ ಅಕ್ಷರ ರೇಷ್ಮೆ ಸೀರೆ ಉಟ್ಟು ಬಂದಿರುತ್ತದೆ. ಕನ್ನಡದ ಅಕ್ಷರ ಹೆಚ್ಚಿನ ಸಲ ಅಡುಗೆಮನೆಯ ಸೀರೆಯಲ್ಲೇ ಹೊರಟುಬಂದಿರುತ್ತದೆ. ಯಾಕೆ ಹೀಗೆ? ನಾನು ಸಂಶೋಧಕಿಯಲ್ಲ. ಕೊಡಿಯಾಲ್‌ಬೈಲಿನಲ್ಲಿ ಮನೆ, ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ. ಆದರೆ ಈ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ಅದು ನನ್ನನ್ನು ಇಟಲಿಯ ಪಾರ್ಮಾದವರೆಗೂ ಕರೆದೊಯ್ದು, ಮತ್ತೆ ನನ್ನ ಮನೆಯ ಎದುರಿನ ರಸ್ತೆಗೇ ತಂದು ಬಿಟ್ಟಿತು.

ಮೊದಲು ಆ ರೇಷ್ಮೆಯ ಅಕ್ಷರ ಯಾವುದೆಂದು ಹೇಳಿಬಿಡುತ್ತೇನೆ. ಅದರಲ್ಲಿ ನೆಟ್ಟಗೆ ನಿಂತ ಗೆರೆ ದಪ್ಪ. ಅಡ್ಡಗೆರೆ, ಕೂಡುಗೆರೆಗಳು ಕೂದಲೆಳೆಯಷ್ಟು ತೆಳು. ಕಂಬದ ತಲೆಗೂ ಬುಡಕ್ಕೂ ಬೋದಿಗೆ ಇರುವ ಹಾಗೆ ಪ್ರತಿ ಗೆರೆಯ ಎರಡು ತುದಿಗೂ ಸಣ್ಣದೊಂದು ಪಟ್ಟಿ. ಈ ಪಟ್ಟಿಗೆ ಅಚ್ಚಿನವರು ಸೆರಿಫ್ ಎನ್ನುತ್ತಾರೆ. ದಪ್ಪ ತೆಳುಗಳ ನಡುವಿನ ಅಂತರ ಎಷ್ಟು ಹೆಚ್ಚೋ ಅಷ್ಟೂ ಠೀವಿ. ನಾವು ಕಣ್ಣಿಗೆ ಕಾಡಿಗೆ ತೀಡುವುದಿಲ್ಲವೇ, ನಡುವಿನಲ್ಲಿ ಒತ್ತಿ, ಕೊನೆಯಲ್ಲಿ ಬೆರಳು ಹಗುರ ಮಾಡಿ ಎಳೆದು ಬಿಡುವುದು? ಅದೇ ಲೆಕ್ಕ. ಅತ್ತರಿನ ಪೆಟ್ಟಿಗೆ, ಬಟ್ಟೆಬರೆಯ ಅಂದಚಂದದ ವಿದೇಶೀ ಪತ್ರಿಕೆಗಳ ಮುಖಪುಟ, ನಮ್ಮ ಊರಿನ ಚಿನ್ನದಂಗಡಿಗಳ ಇಂಗ್ಲಿಷ್ ಬೋರ್ಡು, ಇವೆಲ್ಲ ಈ ಅಕ್ಷರದ ತವರುಮನೆಗಳು. ವೋಗ್ ಪತ್ರಿಕೆಯ ಹೆಸರನ್ನು ಒಮ್ಮೆ ನೆನಪಿಸಿಕೊಂಡರೆ ಸಾಕು, ಯಾವುದೆಂದು ತಿಳಿಯುತ್ತದೆ.

ಈ ದಪ್ಪ ತೆಳು ಬಂದದ್ದು ಲೇಖನಿಯಿಂದ. ನನ್ನ ಅಮ್ಮ ಉಕ್ಕಿನ ನಿಬ್ಬನ್ನು ಮಸಿಯಲ್ಲಿ ಅದ್ದಿ ನಾಲ್ಕು ಗೆರೆಯ ಕಾಪಿ ಬರೆದವರು. ‘ಮೇಲೆ ಹೋಗುವಾಗ ತೇಲಿಸು, ಕೆಳಗೆ ಬರುವಾಗ ಒತ್ತು’ ಎಂದು ಅವರಿಗೆ ಹೇಳಿಕೊಟ್ಟಿದ್ದರಂತೆ. ನನಗೂ ಅದನ್ನೇ ಹೇಳಿದರು, ನನ್ನ ಕೈಯಲ್ಲಿ ಆಗ ಇದ್ದದ್ದು ಒತ್ತಿದರೂ ತೇಲಿಸಿದರೂ ಒಂದೇ ಗೆರೆ ಬೀಳುವ ಬಾಲ್ ಪೆನ್ನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ಎಂಬಾತ ಮೊದಲು ಇಂಥ ಕೈಬರಹ ಕಲಿಸುವ ಮೇಷ್ಟ್ರಾಗಿದ್ದವನು. 1706ರಲ್ಲಿ ಹುಟ್ಟಿದ ಈತ ಅರಗಿನಂಥ ಮೆರುಗು ಬಳಿದ ತಟ್ಟೆಪೆಟ್ಟಿಗೆಗಳನ್ನು ಮಾರಿ ದುಡ್ಡು ಮಾಡಿ, ನಡುವಯಸ್ಸಿನಲ್ಲಿ ಅಚ್ಚಿನ ಹುಚ್ಚಿಗೆ ಬಿದ್ದ. 1757ರಲ್ಲಿ ಅವನ ಮೊದಲ ಪುಸ್ತಕವಾಗಿ ಲ್ಯಾಟಿನ್ ಕವಿ ವರ್ಜಿಲನ ಕಾವ್ಯ ಹೊರಬಂತು. ಕಾಗದ ನುಣುಪು, ಮಸಿ ಕಡುಗಪ್ಪು, ಅಕ್ಷರದ ತೆಳುಗೆರೆ ಹಿಂದೆಂದೂ ಇಲ್ಲದಷ್ಟು ತೆಳು. ಜನರು ಮೆಚ್ಚಿದರೆನ್ನುವಿರಾ? ಇದನ್ನು ಓದಿದರೆ ಕಣ್ಣು ಹೋಗುತ್ತದೆ ಎಂದು ದೂರಿದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಅವನೂ ಮುದ್ರಕನೇ, 1760ರಲ್ಲಿ ಬಾಸ್ಕರ್‌ವಿಲ್‌ಗೆ ಒಂದು ಪತ್ರದಲ್ಲಿ ತಮಾಷೆಯ ಪ್ರಸಂಗ ಬರೆದಿದ್ದಾನೆ. ಹೀಗೆ ದೂರುವ ಒಬ್ಬ ಪಂಡಿತನಿಗೆ ಫ್ರಾಂಕ್ಲಿನ್ ಬೇಕೆಂದೇ ಕ್ಯಾಸ್ಲನ್ ಎಂಬ ಹಳೆಯ, ಎಲ್ಲರೂ ಒಪ್ಪಿಕೊಂಡಿದ್ದ ಅಕ್ಷರದ ಮಾದರಿಯನ್ನು, ತಲೆಬರಹದ ಭಾಗ ಹರಿದು, ಬಾಸ್ಕರ್‌ವಿಲ್‌ನದೆಂದು ತೋರಿಸಿದ. ಆ ಮಹಾಶಯ ಅದರಲ್ಲೇ ಒಂದೊಂದಾಗಿ ಕಣ್ಣುನೋವಿನ ಕಾರಣಗಳನ್ನು ಹುಡುಕಿ ತೋರಿಸಿದನಂತೆ! ಸೊಸೆಯ ಅಡುಗೆ ಎಂದು ಹೇಳಿ ಅತ್ತೆಗೆ ಅವಳದೇ ಸಾರು ಬಡಿಸಿದ ಹಾಗೆ.

ಬಾಸ್ಕರ್‌ವಿಲ್ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡವಳು ಸಾರಾ ಈವ್ಸ್. ಗಂಡ ಬಿಟ್ಟುಹೋದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಅವನ ಮನೆ ನೋಡಿಕೊಳ್ಳಲು ಬಂದವಳು. ಆ ಗಂಡ ಸತ್ತ ಮೇಲೆ, 1764ರಲ್ಲಿ, ಬಾಸ್ಕರ್‌ವಿಲ್ ಅವಳನ್ನು ಮದುವೆಯಾದ. ಊರಿನವರು ಏನೇನು ಆಡಿಕೊಂಡಿರಬೇಕು, ಊಹಿಸಬಹುದು. 1775ರಲ್ಲಿ ಅವನು ತೀರಿಕೊಂಡಾಗ ಅಚ್ಚಿನ ಕೆಲಸ ಅವಳ ಕೈಗೆ ಬಂತು. ಅವನ ಅಕ್ಷರದ ಉಕ್ಕಿನ ಅಚ್ಚುಗಳನ್ನು ಕೊನೆಗೆ ಫ್ರಾನ್ಸಿನ ನಾಟಕಕಾರ ಬೋಮಾರ್ಶೆಗೆ ಮಾರಿದವಳೂ ಅವಳೇ. ಅವಳ ಹೆಸರು ಒಂದು ಅಕ್ಷರಕ್ಕೆ ಬರಲು ಇನ್ನೂರು ವರ್ಷ ಹಿಡಿಯಿತು. 1996ರಲ್ಲಿ ಜುಜಾನಾ ಲಿಚ್ಕೊ ಎಂಬ ವಿನ್ಯಾಸಕಿ ಬಾಸ್ಕರ್‌ವಿಲ್ ಅಕ್ಷರವನ್ನು ಹೊಸತಾಗಿ ಬರೆದು ‘ಮಿಸೆಸ್ ಈವ್ಸ್’ ಎಂದು ಕರೆದಳು. ಅವಳು ಮಾಡಿದ ಮುಖ್ಯ ಬದಲಾವಣೆ ಏನೆಂದರೆ, ಆ ಕಡುತೆಳುವನ್ನು ಸ್ವಲ್ಪ ಇಳಿಸಿ ಮೆದು ಮಾಡಿದ್ದು.

ಬಾಸ್ಕರ್‌ವಿಲ್ ಹಾಕಿದ ಹಾದಿಯನ್ನು ತುದಿ ಮುಟ್ಟಿಸಿದವರು ಪ್ಯಾರಿಸ್ಸಿನ ದಿದೋ ಮನೆತನ ಮತ್ತು ಪಾರ್ಮಾದ ಜಾಂಬಾತ್ತಿಸ್ತಾ ಬೊಡೋನಿ. ಬೊಡೋನಿ 1740ರಲ್ಲಿ ಮುದ್ರಕನ ಮನೆಯಲ್ಲೇ ಹುಟ್ಟಿ, ಹದಿಹರೆಯದಲ್ಲಿ ರೋಮಿಗೆ ಹೋಗಿ ಪ್ರೊಪಗಾಂಡಾ ಫೀದೆ ಎಂಬ ಕೆಥೊಲಿಕ್ ಮಿಶನ್ ಸಂಸ್ಥೆಯ ಅಚ್ಚುಕೂಟದಲ್ಲಿ ಕೆಲಸಕ್ಕೆ ಸೇರಿದ. ಪೂರ್ವದೇಶಗಳ ಲಿಪಿಗಳ ಮೊಳೆಗಳೊಂದಿಗೆ ಅವನ ಕೈ ಪಳಗಿದ್ದು ಅಲ್ಲಿ. ಮುಂದೆ 19ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನ ಕೆಥೊಲಿಕ್ ಸಭೆಯ ಆಡಳಿತ ಬಂದದ್ದೂ ಇದೇ ಸಂಸ್ಥೆಯ ಅಧೀನಕ್ಕೆ. ಪಾರ್ಮಾದ ದೊರೆಯ ಅಚ್ಚುಕೂಟದಲ್ಲಿ ಕುಳಿತು ಆತ ಬದುಕಿಡೀ ಅಕ್ಷರ ಕೊರೆದ. 1806ರಲ್ಲಿ ಕ್ರೈಸ್ತರ ಒಂದೇ ಪ್ರಾರ್ಥನೆಯನ್ನು 155 ಭಾಷೆಗಳಲ್ಲಿ ಅಚ್ಚು ಹಾಕಿದ. ಅವನ ಎಲ್ಲ ಅಕ್ಷರಗಳ ಮಹಾಸಂಪುಟ ಮಾತ್ರ ಅವನ ಕಾಲದಲ್ಲಿ ಮುಗಿಯಲಿಲ್ಲ. 1813ರಲ್ಲಿ ಅವನು ತೀರಿಕೊಂಡ ಐದು ವರ್ಷದ ಮೇಲೆ, 1818ರಲ್ಲಿ, ಎರಡು ಸಂಪುಟಗಳಲ್ಲಿ ಅದನ್ನು ಹೊರತಂದವಳು ಹೆಂಡತಿ ಮಾರ್ಗೆರಿತಾ. ಅಕ್ಷರಕ್ಕೆ ಗಂಡನ ಹೆಸರು ಉಳಿಯಿತು. ಅದು ಇರಲಿ.

ಅಂದರೆ, ಯುರೋಪಿನಲ್ಲಿ ಈ ಅಕ್ಷರ ಎಲ್ಲರ ಕಣ್ಣಿಗೂ ಒಗ್ಗಿಹೋಗಿದ್ದ ಕಾಲದಲ್ಲೇ ನಮ್ಮ ಕರಾವಳಿಗೆ ಅಚ್ಚು ಬಂತು. ಆದರೆ ಕನ್ನಡದ ಅಕ್ಷರ ಅಲ್ಲಿಯವರೆಗೆ ನಡೆದು ಬಂದ ದಾರಿಯೇ ಬೇರೆ. ನಮ್ಮ ಹಿರಿಯರು ಬರೆದದ್ದು ತಾಳೆಗರಿಯಲ್ಲಿ, ಕಬ್ಬಿಣದ ಕಂಠದಿಂದ. ಕಂಠ ಗರಿಯನ್ನು ಗೀರುತ್ತದೆ. ಗೀರಿದ ಮೇಲೆ ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ಉಳಿಯುತ್ತದೆ. ಮೊನಚು ತುದಿಗೆ ದಪ್ಪವೂ ಇಲ್ಲ, ತೆಳುವೂ ಇಲ್ಲ; ಇಡೀ ಅಕ್ಷರಕ್ಕೆ ಒಂದೇ ಗೆರೆ. ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕಡತ, ಅಂದರೆ ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ, ಅದರಲ್ಲಿ ಬಳಪ ಹಿಡಿದು ಬರೆದರೂ ಹಾಗೆಯೇ. ಅಕ್ಷರದ ಚೆಲುವು ಗೆರೆಯ ಗಾತ್ರದಲ್ಲಿ ಇರಲಿಲ್ಲ, ಅದರ ದುಂಡುತನದಲ್ಲಿತ್ತು. ನಮ್ಮ ಅಜ್ಜಿಯರ ರಂಗೋಲಿಯೂ ಹಾಗೆಯೇ ಅಲ್ಲವೇ? ಎಳೆ ಎಲ್ಲಿಯೂ ಸಣ್ಣದಾಗಬಾರದು, ಎಲ್ಲಿಯೂ ಉಬ್ಬಬಾರದು.

ಕನ್ನಡಕ್ಕೆ ಸೀಸದ ಮೊಳೆ ಮೊದಲು ದೊರೆತದ್ದು ಕನ್ನಡನಾಡಿನಲ್ಲಲ್ಲ, ಬಂಗಾಳದ ಸೆರಾಂಪುರದಲ್ಲಿ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಲ್ಲಿ ಅಚ್ಚಾಯಿತು. ಆ ಅಚ್ಚುಕೂಟದ ಮೊಳೆ ಕೆಲಸವನ್ನು ಕಟ್ಟಿ ನಿಲ್ಲಿಸಿದವರು ಪಂಚಾನನ ಕರ್ಮಕಾರ ಮತ್ತು ಅವರ ಅಳಿಯ ಮನೋಹರ. ಕರ್ಮಕಾರನೆಂದರೆ ಕಮ್ಮಾರ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಅದನ್ನು ತಾಮ್ರದ ಮೇಲೆ ಹೊಡೆದು ಗುಳಿ ಮಾಡಿ, ಆ ಗುಳಿಗೆ ಕರಗಿದ ಸೀಸ ಹೊಯ್ಯುವುದು ಕೊನೆಗೂ ಕಮ್ಮಾರನ ಕುಲುಮೆಯ ಮಾತೇ.

ಮಂಗಳೂರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1834ರಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಹೆಸರು ನಿಮಗೆಲ್ಲ ಗೊತ್ತು, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಅದರ ಉತ್ತರ ಬರೆಯುವ ಮಕ್ಕಳಿಗೆ ಗೊತ್ತಿಲ್ಲದ ಸಂಗತಿ ಎಂದರೆ ಅದು ಮೊಳೆಯಿಂದ ಅಚ್ಚಾದದ್ದಲ್ಲ, ಕಲ್ಲಿನಿಂದ ಆದದ್ದು. ಕೈಯಿಂದ ಬರೆದ ಅಕ್ಷರವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸಿ, ಅಲ್ಲಿಂದ ಕಾಗದಕ್ಕೆ ಇಳಿಸುವ ಕಲ್ಲಚ್ಚು. ಹಾಗಾಗಿ ಕನ್ನಡದ ಮೊದಲ ಪತ್ರಿಕೆಯನ್ನು ಓದಿದವರು ಯಾರದೋ ಕೈಬರಹವನ್ನೇ ಓದಿದರು. ದಾಸರ ಪದಗಳನ್ನೂ ಹಳಗನ್ನಡ ಕಾವ್ಯಗಳನ್ನೂ ಮೋಗ್ಲಿಂಗ್ 1848ರಿಂದ ಮುಂದಿನ ಐದಾರು ವರ್ಷಗಳಲ್ಲಿ ಪ್ರಕಟಿಸಿದ ಮಾಲೆಯೂ ಕಲ್ಲಚ್ಚಿನದೇ.

ಸೀಸದ ಮೊಳೆಯ ಕೆಲಸ ಬಲ್ಮಠದಲ್ಲಿ ಶುರುವಾದದ್ದು 1851ರ ಸುಮಾರಿಗೆ. ಆ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಕುಶಲಿಯ ಹೆಸರನ್ನು ನಾವು ಇನ್ನೊಂದು ಕಾರಣಕ್ಕೂ ನೆನೆಯಬೇಕು. 1865ರಲ್ಲಿ ಜೆಪ್ಪುವಿನಲ್ಲಿ ಮಂಗಳೂರು ಹಂಚಿನ ಮೊದಲ ಕಾರ್ಖಾನೆ ಆರಂಭಿಸಿದವನು ಅವನೇ. ಅಚ್ಚಿನಲ್ಲಿ ಸೀಸ ಹೊಯ್ಯಬಲ್ಲವನಿಗೆ ಅಚ್ಚಿನಲ್ಲಿ ಮಣ್ಣು ಒತ್ತುವುದು ದೂರದ ಮಾತಲ್ಲ ಎಂದು ನನಗೆ ಅನಿಸುತ್ತದೆ. ನಮ್ಮ ಮಾಡಿನ ಹಂಚು, ನಮ್ಮ ಪಾಠಪುಸ್ತಕದ ಅಕ್ಷರ, ಎರಡಕ್ಕೂ ಒಂದೇ ಕೈ!

ಈ ಮಿಶನ್ ಪ್ರೆಸ್ಸಿನ ಪುಸ್ತಕಗಳಲ್ಲಿ ದೊಡ್ಡದು 1894ರ ಕಿಟ್ಟೆಲ್ ನಿಘಂಟು. ಸುಮಾರು 70,000 ಪದ, 1,700ಕ್ಕೂ ಮೀರಿದ ಪುಟ. ಒಂದೇ ಸಾಲಿನಲ್ಲಿ ಕನ್ನಡ, ಪಕ್ಕದಲ್ಲಿ ಇಂಗ್ಲಿಷ್. ಎರಡು ಲಿಪಿಗಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಂತೆ. ಹಾಗೆ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ಇಂಗ್ಲಿಷಿನ ಅಕ್ಷರ ಒಂದು ಮಹಡಿಯ ಮನೆ. ಕನ್ನಡದ್ದಕ್ಕೆ ಮೇಲೆ ತಲೆಕಟ್ಟು, ಗುಡಿಸು, ಬದಿಯಲ್ಲಿ ಕೊಂಬು, ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಒತ್ತಿನ ಪಕ್ಕ ಇನ್ನೊಂದು ಒತ್ತು. ಅಷ್ಟನ್ನೂ ಒಂದು ಸಾಲಿಗೆ ಹೊಂದಿಸಬೇಕಾದರೆ ಒತ್ತನ್ನು ಪುಟ್ಟದು ಮಾಡಲೇಬೇಕು. ಪುಟ್ಟದಾದದ್ದರ ಗೆರೆಯೂ ಅದೇ ಪ್ರಮಾಣದಲ್ಲಿ ತೆಳುವಾದರೆ ಒತ್ತು ಮಾಯವಾಗುತ್ತದೆ. ಆದ್ದರಿಂದ ಒತ್ತಿನ ಗೆರೆಯನ್ನು ತುಸು ದಪ್ಪವಾಗಿಯೇ ಕೊರೆಯಬೇಕಾಗುತ್ತದೆ. ಇದು ನಮ್ಮ ಅಕ್ಷರ ಕೊರೆಯುವವರ ಮೊದಲ ಪಾಠ.

ಇನ್ನೊಂದು ಮಾತು, ತುಳುವರಾದ ನಮಗೆ ನೋವಿನದು. ತುಳುನಾಡಿನ ತಾಳೆಗರಿಗಳಲ್ಲಿ ತಿಗಳಾರಿ ಎಂದೂ ತುಳು ಲಿಪಿ ಎಂದೂ ಕರೆಯುವ ಬೇರೆಯೇ ಲಿಪಿ ಇತ್ತು. ಮಿಶನ್ನಿನವರು ತುಳುವನ್ನು ಅಚ್ಚು ಹಾಕಲು ಆರಿಸಿಕೊಂಡದ್ದು ಕನ್ನಡ ಲಿಪಿಯನ್ನು. 1886ರಲ್ಲಿ ಬಂದ ಮ್ಯಾನರನ ತುಳು ನಿಘಂಟೂ ಅದರಲ್ಲೇ. ಮೊಳೆ ಸಿಕ್ಕಿದ ಲಿಪಿ ಪೇಟೆಗೆ ಬಂತು, ಮೊಳೆ ಸಿಗದ್ದು ಅಟ್ಟದ ಮೇಲೆ ಉಳಿಯಿತು. ಕೊಂಕಣಿಯದೂ ಹೀಗೆಯೇ ಒಂದು ಕಥೆ. ಇಟಲಿಯಿಂದ ಬಂದ ಯೇಸುಸಭೆಯ ಪಾದ್ರಿ ಮಾಫೆಯ್ ಬರೆದ ಕೊಂಕಣಿ ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಅಚ್ಚಾದವು. ಎಲ್ಲಿ ಎಂದರೆ ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ! ಮತದ ಜಗಳ ಏನೇ ಇರಲಿ, ಮೊಳೆ ಇದ್ದವರ ಬಾಗಿಲಿಗೆ ಹೋಗಲೇಬೇಕು.

ಅದೇ 1882ರಲ್ಲಿ ಯೇಸುಸಭೆಯವರು ತಮ್ಮದೇ ಅಚ್ಚುಕೂಟ ಹಾಕಿಕೊಂಡರು. ಅದೇ ನಮ್ಮ ಕೊಡಿಯಾಲ್‌ಬೈಲ್ ಪ್ರೆಸ್ಸು. ಕೊಂಕಣಿಯವರ ಬಾಯಲ್ಲಿ ಮಂಗಳೂರೇ ಕೊಡಿಯಾಲ. ಬೈಲು ಎಂದರೆ ಗದ್ದೆಬಯಲು. ಗದ್ದೆ ಈಗ ಹೆಸರಿನಲ್ಲಿ ಮಾತ್ರ ಇದೆ. 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆ ಹೊರಟದ್ದು ಇಲ್ಲಿಂದಲೇ, ಕೊಂಕಣಿ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ. ಗೋವೆಯವರು ಅದೇ ಭಾಷೆಯನ್ನು ರೋಮನ್ ಲಿಪಿಯಲ್ಲಿ ಓದುತ್ತಿದ್ದ ಕಾಲಕ್ಕೆ ಇಲ್ಲಿಯ ಕೊಂಕಣಿ ಅಮ್ಮಂದಿರು ಕನ್ನಡ ಅಕ್ಷರದಲ್ಲಿ ಪ್ರಾರ್ಥನೆಯನ್ನೂ ಧಾರಾವಾಹಿಯನ್ನೂ ಓದಿದರು. ಕನ್ನಡದ ಮೊಳೆಯ ಒಂದು ಕೇಸಿನಿಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಹೊರಬಿದ್ದ ಊರು ಇದು.

ಈ ಕೇಸನ್ನು ನಾನು ಚಿಕ್ಕವಳಾಗಿದ್ದಾಗಲೇ ಮುಟ್ಟಿ ನೋಡಿದ್ದೇನೆ. ನನ್ನ ಚಿಕ್ಕಪ್ಪ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪೋಸಿಟರ್. ಶಾಲೆ ಬಿಟ್ಟ ಮೇಲೆ ಅವರಿಗೆ ಚಹಾದ ಫ್ಲಾಸ್ಕ್ ಕೊಡಲು ಹೋಗುವುದು ನನ್ನ ಪಾಲಿನ ಕೆಲಸ. ಟ್ರೆಡಲ್ ಮಿಶನ್ನಿನ ಟಕ್ ಟಕ್, ಸೀಮೆಎಣ್ಣೆಯ ವಾಸನೆ, ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಜೇನುಗೂಡಿನಂಥ ಮನೆಗಳು. ಎಡಗೈಯಲ್ಲಿ ಸ್ಟಿಕ್ಕು ಹಿಡಿದು ಬಲಗೈಯಿಂದ ನೋಡದೆಯೇ ಮೊಳೆ ಹೆಕ್ಕಿ ಜೋಡಿಸುತ್ತಿದ್ದರು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಸೇರಿ ನೂರು ಚಿಲ್ಲರೆ ಮನೆ ಸಾಕು. ಕನ್ನಡಕ್ಕೆ ಕಾಗುಣಿತವಿದೆ, ಒತ್ತಿದೆ, ಮುಗಿಯುವುದೇ ಇಲ್ಲ. ಅವರ ಕೇಸಿನಲ್ಲಿ ‘ಶ್ರೀ’ ಎಂಬುದಕ್ಕೆ ಒಂದೇ ಮೊಳೆ ಇತ್ತು, ಎಲ್ಲ ಕಾಗದದ ನೆತ್ತಿಯಲ್ಲೂ ಬೇಕಾದ್ದರಿಂದ. ‘ಸ್ತ್ರೀ’ ಎಂದು ಬರೆಯಬೇಕಾದರೆ ನಾಲ್ಕು ಮೊಳೆ ಹೆಕ್ಕಬೇಕಿತ್ತು. “ಹೆಂಗಸರ ವಿಷಯ ಯಾವತ್ತೂ ಕಷ್ಟವೇ” ಎಂದು ಚಿಕ್ಕಪ್ಪ ನಗುತ್ತಿದ್ದರು.

ಅದೇ ಪ್ರೆಸ್ಸಿನ ಮೂಲೆಯಲ್ಲಿ ಬೇರೆಯೇ ಇಟ್ಟಿದ್ದ ಸಣ್ಣ ಕೇಸಿನಲ್ಲಿ ಇಂಗ್ಲಿಷಿನ ಬೊಡೋನಿ ಇತ್ತು. ಮದುವೆಯ ಓಲೆ, ಬ್ಯಾಂಕಿನ ವಾರ್ಷಿಕೋತ್ಸವದ ಆಮಂತ್ರಣ, ಇಷ್ಟಕ್ಕೆ ಮಾತ್ರ ಅದನ್ನು ತೆಗೆಯುವುದು. ತೆಳುಗೆರೆಯ ಮೊಳೆ ಒಮ್ಮೆ ನೆಲಕ್ಕೆ ಬಿದ್ದರೆ ಮುಗಿಯಿತು, ಮುಖ ಜಜ್ಜಿಹೋಗುತ್ತದೆ. ಹುಡುಗರ ಕೈಗೆ ಕೊಡುತ್ತಿರಲಿಲ್ಲ. ಕನ್ನಡಕ್ಕೆ ಇಂಥದ್ದು ಇಲ್ಲವೇ ಎಂದು ನಾನು ಕೇಳಿದ್ದೆ. ಚಿಕ್ಕಪ್ಪ ಒಂದು ‘ದ’, ಒಂದು ‘ಧ’ ಹೆಕ್ಕಿ ನನ್ನ ಅಂಗೈಯಲ್ಲಿಟ್ಟು, “ಇದರಲ್ಲಿ ವ್ಯತ್ಯಾಸ ಎಲ್ಲಿ ಉಂಟು ಹೇಳು” ಎಂದರು. ಕನ್ನಡಿಯಲ್ಲಿ ನೋಡಿದಂತೆ ತಿರುಗಿ ನಿಂತ ಎರಡು ಪುಟ್ಟ ಅಕ್ಷರ. ಹೊಟ್ಟೆಯ ಕೆಳಗಿನ ಒಂದು ಸೀಳು, ಅಷ್ಟೇ. “ಆ ಸೀಳು ಮುಚ್ಚಿದರೆ ಧನ ಹೋಗಿ ದನ ಬರುತ್ತದೆ. ಇಂಗ್ಲಿಷಿನಲ್ಲಿ ತೆಳುಗೆರೆ ಶೃಂಗಾರ. ನಮ್ಮಲ್ಲಿ ಅದೇ ಅರ್ಥ.”

ಈ ಮಾತನ್ನು ಬಿ.ಎಡ್. ತರಗತಿಯಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ. ಬ-ಭ, ಡ-ಢ, ದ-ಧ ಇವುಗಳ ನಡುವೆ ಇರುವುದು ಒಂದು ಸೀಳು. ಧ-ಥ ನಡುವೆ ಒಂದು ಚುಕ್ಕಿ. ಪ-ಷ ನಡುವೆ ಒಳಗಿನ ಒಂದು ಎಳೆ. ಅಕ್ಷರದಲ್ಲಿ ಅತ್ಯಂತ ಸಣ್ಣದೇ ಅತ್ಯಂತ ದೊಡ್ಡ ಕೆಲಸ ಮಾಡುತ್ತದೆ. ನಮ್ಮ ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಜೆರಾಕ್ಸಿನ ಜೆರಾಕ್ಸ್ ತೆಗೆದು ಕೊಡುವ ರೂಢಿ ಇದೆ. ಮೂರನೆಯ ಪ್ರತಿಯಲ್ಲಿ ಸೀಳು ತುಂಬಿಹೋಗಿ ಮಹಾಪ್ರಾಣವೆಲ್ಲ ಅಲ್ಪಪ್ರಾಣವಾಗಿರುತ್ತದೆ. ಆಮೇಲೆ ಕಾಗುಣಿತ ತಪ್ಪು ಎಂದು ಅಂಕ ಕಳೆಯುವುದು ಮಗುವಿನದು.

ತೊಂಬತ್ತರ ದಶಕದಲ್ಲಿ ಆಫ್‌ಸೆಟ್ ಮತ್ತು ಕಂಪ್ಯೂಟರ್ ಬಂದು ಚಿಕ್ಕಪ್ಪನ ಪ್ರೆಸ್ಸು ಮುಚ್ಚಿತು. ಮೊಳೆಯನ್ನು ಕಿಲೋ ಲೆಕ್ಕದಲ್ಲಿ ಸೀಸದ ಬೆಲೆಗೆ ಮಾರಿದರು. ಗಾಡಿಗೆ ಹಾಕುವಾಗ ಕೇಸಿನಿಂದ ಮೊಳೆ ಸುರಿದ ಸದ್ದು ಜಡಿಮಳೆಯ ಹಾಗಿತ್ತು ಎಂದು ಚಿಕ್ಕಮ್ಮ ಹೇಳುತ್ತಾರೆ. ಕಂಪ್ಯೂಟರಿಗೆ ಕನ್ನಡ ಕಲಿಸಿದವರಲ್ಲಿ ಮೊದಲಿಗರು ನಮ್ಮ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಎಂಬುದು ನಮ್ಮ ಜಿಲ್ಲೆಯ ಹೆಮ್ಮೆ. ಅವರ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಇಂದು ನಾವು ಕನ್ನಡ ಬೆರಳಚ್ಚು ಮಾಡುವ ಕೀಲಿಮಣೆಯ ವಿನ್ಯಾಸ ಅವರದ್ದೇ. ಅಲ್ಲಿಂದ ಮುಂದೆ ಅಕ್ಷರಕ್ಕೆ ತೂಕವಿಲ್ಲ. ನೆಲಕ್ಕೆ ಬಿದ್ದು ಜಜ್ಜುವ ಭಯವೂ ಇಲ್ಲ. ಎಷ್ಟು ಬೇಕಾದರೂ ತೆಳು ಮಾಡಬಹುದು. ಈ ಸ್ವಾತಂತ್ರ್ಯದ ರುಚಿಯನ್ನು ನಮ್ಮ ಮನೆಯೂ ಕಂಡಿತು.

ಕೆಲವು ವರ್ಷದ ಹಿಂದೆ ಮಗಳ ಮದುವೆ. ಅವಳು ಹಟ ಹಿಡಿದಳು: “ಅಮ್ಮ, ಇಂಗ್ಲಿಷಿನ ಕಡೆ ಎಷ್ಟು ಚಂದ ಉಂಟೋ ಕನ್ನಡದ ಕಡೆಯೂ ಅಷ್ಟೇ ಚಂದ ಆಗ್ಬೇಕು. ಇಲ್ಲದಿದ್ರೆ ಇಂಗ್ಲಿಷೇ ಬೇಡ.” ಅವಳ ಹಟ ನನಗೆ ಒಳಗೊಳಗೇ ಇಷ್ಟವಾಯಿತು. ನಗರದ ಒಂದು ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹುಡುಗ, ಪಾಪ, ಕನ್ನಡ ಅಕ್ಷರವನ್ನು ಎಳೆದು, ಅಡ್ಡಗೆರೆಯನ್ನೆಲ್ಲ ಕೂದಲಿನಂತೆ ಮಾಡಿ, ಉದ್ದಗೆರೆ ಉಬ್ಬಿಸಿ ತೋರಿಸಿದ. ಪರದೆಯ ಮೇಲೆ ಅದು ನಿಜಕ್ಕೂ ಅಪ್ಸರೆಯಂತಿತ್ತು. ಚಿನ್ನದ ಹಾಳೆಯನ್ನು ಬಿಸಿಯಲ್ಲಿ ಒತ್ತಿ ಅಚ್ಚು ಹಾಕಿದ ಮಾದರಿ ಮನೆಗೆ ಬಂತು. ಎಂಬತ್ತು ದಾಟಿದ ಚಿಕ್ಕಪ್ಪ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಧಾರಾಮುಹೂರ್ತದ ‘ಧಾ’ದಲ್ಲಿ ಚಿನ್ನ ತುಂಬಿ ಸೀಳು ಮುಚ್ಚಿಹೋಗಿತ್ತು. ‘ವಧು’ವಿನ ಕೊಂಬು ಸೇರುವ ಕಡೆ ತೆಳುಗೆರೆ ಹಿಡಿಯದೆ ಕೊಂಬೇ ಹಾರಿಹೋಗಿ, ಮಗಳ ಹೆಸರಿನ ಹಿಂದೆ ‘ವಧ’ ಎಂದು ಹೊಳೆಯುತ್ತಿತ್ತು.

“ಇದರಲ್ಲಿ ಗೆರೆ ಇಲ್ಲ ಮಗಾ,” ಎಂದರು ಚಿಕ್ಕಪ್ಪ, “ಗೆರೆಯ ನೆನಪು ಮಾತ್ರ ಉಂಟು.”

ಮಗಳು ಅತ್ತಳು. ಅಂಗಡಿಯವರು ಪರದೆಯಲ್ಲಿ ಸರಿ ಇತ್ತಲ್ಲ ಮೇಡಂ ಎಂದು ವಾದಿಸಿದರು. ನನ್ನ ಭಾವನವರು, ಓಲೆ ಓದಲಿಕ್ಕೆ, ಪೂಜೆ ಮಾಡಲಿಕ್ಕೆ ಅಲ್ಲ ಎಂದು ತೀರ್ಪು ಕೊಟ್ಟರು. ಚಿಕ್ಕಪ್ಪ ಮಾತ್ರ ಮಗಳ ಪರ ನಿಂತರು. ಅವಳು ಕೇಳಿದ್ದು ತಪ್ಪಲ್ಲ, ಕೇಳಿದ ಜಾಗ ತಪ್ಪು ಎಂಬುದು ಅವರ ವಾದ. ತೆಳುದಪ್ಪದ ಅಕ್ಷರ ಎಲ್ಲ ದೇಶದಲ್ಲೂ ದೊಡ್ಡ ಗಾತ್ರಕ್ಕೆ, ನಾಲ್ಕೈದು ಪದಕ್ಕೆ ಮಾಡಿದ್ದು. ವಿಳಾಸಕ್ಕೆ, ಬಂಧುಗಳ ಪಟ್ಟಿಗೆ ಮಾಡಿದ್ದಲ್ಲ. ಬೊಡೋನಿಯಲ್ಲಿ ಅವರು ಹೆಣ್ಣುಗಂಡಿನ ಹೆಸರು ಮಾತ್ರ ಜೋಡಿಸುತ್ತಿದ್ದರಂತೆ, ಉಳಿದದ್ದಕ್ಕೆ ಸಾದಾ ಮೊಳೆ. ಹಾಗೆಯೇ ಆಯಿತು. ಇಬ್ಬರ ಹೆಸರು ಅಂಗೈ ಅಗಲಕ್ಕೆ ದೊಡ್ಡದಾಗಿ. ಅದರಲ್ಲೂ ಒತ್ತು ಮತ್ತು ಕೂಡುಗೆರೆಗಳನ್ನು ಆ ಹುಡುಗನಿಂದಲೇ ಒಂದೊಂದಾಗಿ ದಪ್ಪ ಮಾಡಿಸಿದರು. ಎರಡು ದಿನ ಅವನ ಪಕ್ಕ ಸ್ಟೂಲು ಹಾಕಿ ಕುಳಿತಿದ್ದರು. ಮೂರನೆಯ ದಿನ ಹುಡುಗನೇ ಫೋನು ಮಾಡಿ, “ಅಜ್ಜ ಇವತ್ತು ಬರುದಿಲ್ವಾ?” ಎಂದು ಕೇಳಿದ.

ಅಕ್ಷರದ ಕೆಲಸದಲ್ಲಿ ಹೆಂಗಸರ ಕೈ ಎಷ್ಟಿದೆ ಎಂಬುದು ಆಮೇಲೆ ಓದುತ್ತ ಹೋದಾಗ ತಿಳಿಯಿತು. ಇಂಗ್ಲೆಂಡಿನ ಸಾಲ್‌ಫರ್ಡ್ಸ್‌ನಲ್ಲಿದ್ದ ಮೋನೋಟೈಪ್ ಕಾರ್ಖಾನೆಯಲ್ಲಿ ಅಕ್ಷರಗಳ ದೊಡ್ಡ ನಕ್ಷೆ ಬರೆಯುವ ವಿಭಾಗದಲ್ಲಿ ಇದ್ದವರು ಬಹುಪಾಲು ಯುವತಿಯರು. ಅಕ್ಷರಕ್ಕೆ ಅವರ ಹೆಸರು ಬರಲಿಲ್ಲ. ಲೈನೋಟೈಪ್ ಕಂಪೆನಿಯಲ್ಲಿ ಭಾರತೀಯ ಲಿಪಿಗಳ ಕೆಲಸವನ್ನು ಮುನ್ನಡೆಸಿದವರು ಫಿಯೋನಾ ರಾಸ್. ಬಂಗಾಳಿಯ ‘ಆನಂದಬಜಾರ್ ಪತ್ರಿಕಾ’ದ ಅಕ್ಷರ ಹೊಸದಾದದ್ದು ಅವರ ಕಾಲದಲ್ಲಿ. 2017ರಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದದೊಂದಿಗೆ ಮೂರ್ತಿ ಕ್ಲಾಸಿಕಲ್ ಲೈಬ್ರರಿಯಲ್ಲಿ ಬಂತು. ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಇಂಗ್ಲಿಷ್. ನಾನು ಆ ಪುಸ್ತಕ ಕೈಗೆತ್ತಿಕೊಂಡು ಕಾವ್ಯಕ್ಕಿಂತ ಮೊದಲು ಅದರ ಒತ್ತಕ್ಷರಗಳನ್ನು ನೋಡಿದೆ ಎಂದರೆ ರಾಘವಾಂಕ ಕ್ಷಮಿಸಬೇಕು. ಎರಡೂ ಪುಟ ಸಮಸಮ ಕುಳಿತಿವೆ. ಕನ್ನಡ ಅಡುಗೆಮನೆಯಿಂದ ಎದ್ದು ಬಂದಿಲ್ಲ.

ಕನ್ನಡದ ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿಯವರು ‘ಅಕಾಯ ಕನ್ನಡಕ’ ಎಂಬ ಮುದ್ದಾದ ಅಕ್ಷರವನ್ನು ಇನ್ನೊಬ್ಬ ವಿನ್ಯಾಸಕರ ಜತೆ ಸೇರಿ ಮಾಡಿದ್ದಾರೆ. ಅಟ್ಟದ ಮೇಲೆ ಉಳಿದಿದ್ದ ಆ ತುಳು-ತಿಗಳಾರಿ ಲಿಪಿಗಾಗಿ ದುಡಿದವರಲ್ಲೂ ಅವರು ಮುಖ್ಯರು. 2024ರ ಸೆಪ್ಟೆಂಬರಿನಲ್ಲಿ ಆ ಲಿಪಿ ಯುನಿಕೋಡಿಗೆ ಸೇರಿತು. ಮಿಶನ್ನಿನ ಮೊಳೆಯ ಕೇಸಿನಲ್ಲಿ ಅದಕ್ಕೆ ಸಿಗದ ಮನೆ ಕಂಪ್ಯೂಟರಿನಲ್ಲಿ ಸಿಕ್ಕಿತು.

ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಾನೀಗ ಎಂಟನೆಯ ತರಗತಿಯ ಮಕ್ಕಳಿಗೆ ಚಪ್ಪಟೆ ತುದಿಯ ಪೆನ್ನು ಕೊಟ್ಟು ದೊಡ್ಡದಾಗಿ ಕನ್ನಡ ಬರೆಸುತ್ತೇನೆ. ಪಠ್ಯದಲ್ಲಿ ಇಲ್ಲದ್ದು, ಹೆಡ್‌ಮಿಸ್ಟ್ರೆಸ್ ಕಂಡೂ ಕಾಣದಂತೆ ಇರುತ್ತಾರೆ. ಇಂಗ್ಲಿಷಿನಲ್ಲಿ ಇಳಿಯುವ ಗೆರೆ ದಪ್ಪ ಎಂಬುದನ್ನು ಲೇಖನಿ ನೂರಾರು ವರ್ಷದ ಹಿಂದೆಯೇ ತೀರ್ಮಾನಿಸಿಬಿಟ್ಟಿತು. ಕಂಠ ನಮಗೆ ಹಾಗೆ ಏನನ್ನೂ ತೀರ್ಮಾನಿಸಿ ಕೊಡಲಿಲ್ಲ. ಹೋದ ತಿಂಗಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಟೀಚರ್, ‘ಧ’ಕ್ಕೆ ದಪ್ಪ ಎಲ್ಲಿ ಬರ್ಬೇಕು? ಹೊಟ್ಟೆಗಾ, ತಲೆಕಟ್ಟಿಗಾ?” ನಾನು ಎರಡು ಬಗೆಯಲ್ಲೂ ಬೋರ್ಡಿನ ಮೇಲೆ ಬರೆದೆ. ಬಲಬದಿಯ ಸಾಲಿನವರು ಹೊಟ್ಟೆ ಎಂದರು, ಎಡಬದಿಯವರು ತಲೆಕಟ್ಟು ಎಂದರು. ಆ ಹುಡುಗಿ ಮುಂದೆ ಬಂದು ಸೀಮೆಸುಣ್ಣ ತೆಗೆದುಕೊಂಡು ಎರಡರಲ್ಲೂ ಸೀಳನ್ನು ಮಾತ್ರ ಇನ್ನಷ್ಟು ಅಗಲ ಮಾಡಿ, ಕೈ ಒರೆಸಿಕೊಂಡು ಜಾಗಕ್ಕೆ ಹೋಗಿ ಕುಳಿತಳು.